ನಿಯಮ ಗೊತ್ತಿದ್ದರೂ ಮಾತಿನಲ್ಲಿ ಯಾಕೆ ತಪ್ಪುತ್ತದೆ?

ಪ್ರಶ್ನೆ: ಇಂಗ್ಲಿಷಿನಲ್ಲಿ 'ಶೀ ವರ್ಕ್ಸ್' ಅನ್ನಬೇಕು ಅಂತ ಚೆನ್ನಾಗಿ ಗೊತ್ತು. ಬರೆಯುವಾಗ ತಪ್ಪುವುದಿಲ್ಲ. ಮಾತಾಡುವಾಗ ಮಾತ್ರ 'ಶೀ ವರ್ಕ್' ಅಂತಲೇ ಬಾಯಿಗೆ ಬರುತ್ತದೆ. ವ್ಯಾಕರಣವನ್ನು ಇನ್ನಷ್ಟು ಓದಬೇಕೇ, ಅಥವಾ ಅದನ್ನು ಬಿಟ್ಟು ಬರೀ ಕೇಳುತ್ತಾ ಹೋಗಬೇಕೇ?

ಉತ್ತರ: ಎರಡರಲ್ಲಿ ಯಾವುದೂ ಒಂದೇ ಸಾಲದು. ತಿಮಲ, ತಿಮಲೆ, ತಿಮಲು ಎಂಬ ಮೂರು ವಸ್ತುಗಳಿವೆ ಅಂದುಕೊಳ್ಳಿ. ಅವಕ್ಕೆ ಬಣ್ಣ ಹಚ್ಚಬೇಕು. ತಿಮಲಕ್ಕೆ, ತಿಮಲೆಗೆ, ತಿಮಲಿಗೆ ಅಂದಿರಿ ತಾನೆ? ಇಂಥ ಪದಗಳೇ ಇಲ್ಲ, ಆದರೂ ತಡವರಿಸಲಿಲ್ಲ. ಮರಕ್ಕೆ, ಮನೆಗೆ, ಕಾಲಿಗೆ ಎಂದು ಕೇಳಿ ಕೇಳಿಯೇ ನಿಯಮ ಒಳಗಿಳಿದಿದೆ. 1958ರಲ್ಲಿ ಭಾಷಾ ಸಂಶೋಧಕಿ ಜೀನ್ ಬರ್ಕೋ ಇಂಥದೇ ಹುಸಿ ಪದಗಳನ್ನು ಕೊಟ್ಟಾಗ, ಇಂಗ್ಲಿಷ್ ಮಾತಾಡುವ ನಾಲ್ಕರಿಂದ ಏಳು ವರ್ಷದ ಮಕ್ಕಳು ಎಷ್ಟೋ ಪದಗಳಿಗೆ ಸರಿಯಾದ ಬಹುವಚನ ಹೇಳಿದ್ದರು.

'ವರ್ಕ್ಸ್'ನ ಕೊನೆಯ 'ಸ್' ನಿಮ್ಮಲ್ಲಿ ಹಾಗೆ ಇಳಿದಿಲ್ಲ. ಅದು ಇನ್ನೂ ನೆನಪಿಸಿಕೊಂಡು ಹಚ್ಚಬೇಕಾದ ನಿಯಮ. ಬರೆಯುವಾಗ ಅದಕ್ಕೆ ಬಿಡುವಿರುತ್ತದೆ. ಮಾತಿನಲ್ಲಿ ಸೆಕೆಂಡಿಗೆ ಎರಡು ಮೂರು ಪದ ಹೊರಡುತ್ತವೆ, ಗಮನವೆಲ್ಲ ಹೇಳಬೇಕಾದ ವಿಷಯದ ಮೇಲಿರುತ್ತದೆ. ಬಿಟ್ಟ ಜಾಗ ತುಂಬುವ ಅಭ್ಯಾಸಗಳು ಇದಕ್ಕೇ ಅಷ್ಟಾಗಿ ನೆರವಾಗುವುದಿಲ್ಲ: ಅಲ್ಲಿ ವಿಷಯ ಯೋಚಿಸುವ ಕೆಲಸವೇ ಇಲ್ಲ.

ಹಾಗಂತ ಬರೀ ಕೇಳಿದರೂ ಸಾಲದು. 'ಶೀ' ಎಂದಾಗಲೇ ಯಾರೆಂಬುದು ತಿಳಿದುಹೋಗಿರುತ್ತದೆ. ಕೊನೆಯ 'ಸ್' ಬಿಟ್ಟರೂ ಅರ್ಥ ಕೆಡದು, ಆದ್ದರಿಂದ ಕಿವಿ ಅದನ್ನು ಲೆಕ್ಕಕ್ಕಿಡುವುದಿಲ್ಲ. ಗಮನಕ್ಕೆ ಬಾರದ್ದು ಕಲಿಕೆಗೆ ದಕ್ಕದು ಎಂದು ಭಾಷಾ ಕಲಿಕೆಯ ಸಂಶೋಧಕ ರಿಚರ್ಡ್ ಶ್ಮಿಟ್ 1990ರಲ್ಲಿ ವಾದಿಸಿದರು. ಆ ಮಾತಿನ ಬಗ್ಗೆ ತಕರಾರುಗಳಿವೆ. ಆದರೆ 'ಸ್'ನಂಥ ಸಣ್ಣ ದನಿಗಳ ಮಟ್ಟಿಗೆ ಅದನ್ನು ನಂಬಿ ನಡೆಯುವುದೇ ಒಳ್ಳೆಯದು. ಓದಿದ ವ್ಯಾಕರಣದ ದೊಡ್ಡ ಪ್ರಯೋಜನವೂ ಇದೇ: ಏನನ್ನು ಹಿಡಿಯಬೇಕೆಂದು ಅದು ಕಿವಿಗೆ ತೋರಿಸುತ್ತದೆ.

ಒಬ್ಬರ ದಿನಚರಿ ಹೇಳುವ ಎರಡು ನಿಮಿಷದ ಧ್ವನಿಮುದ್ರಿಕೆಯನ್ನು ಅದರ ಲಿಖಿತ ಪಠ್ಯದೊಂದಿಗೆ ತೆಗೆದುಕೊಳ್ಳಿ. ಮೊದಲು ಪಠ್ಯ ನೋಡದೆ ಕೇಳುತ್ತಾ, ಕ್ರಿಯಾಪದದ ಕೊನೆಯಲ್ಲಿ ಈ 'ಸ್' ಕೇಳಿಸಿದಾಗಲೆಲ್ಲ ಒಂದು ಗೀಟು ಹಾಕಿ. ಆಮೇಲೆ ಪಠ್ಯದಲ್ಲಿ ಎಣಿಸಿ. ಅಲ್ಲಿ 14 ಇದ್ದು ನಿಮ್ಮ ಗೀಟು 9 ಆಗಿದ್ದರೆ, ತಪ್ಪಿಹೋದ ಐದನ್ನು ಹುಡುಕಿ ಮತ್ತೆ ಮತ್ತೆ ಕೇಳಿ.

ನಂತರ ಮಾತು. ಪರಿಚಿತರೊಬ್ಬರ ದಿನಚರಿಯನ್ನು ನಾಲ್ಕು ನಿಮಿಷ ಹೇಳಿ. ಅದನ್ನೇ ಇನ್ನೊಬ್ಬರಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳಿ. ವಿಷಯ ಆಗಲೇ ಸಿದ್ಧವಿರುವುದರಿಂದ ಸುತ್ತಿನಿಂದ ಸುತ್ತಿಗೆ ಗಮನ ಬಿಡುವಾಗುತ್ತದೆ. ನಡುವೆ ನಿಂತು ತಿದ್ದಿಕೊಳ್ಳಬೇಡಿ, ಓಟ ಮುರಿಯುತ್ತದೆ. ಸುತ್ತು ಮುಗಿದ ಮೇಲೆ ತಪ್ಪಿದ ಎರಡು ವಾಕ್ಯ ಸರಿಪಡಿಸಿಕೊಂಡೇ ಮುಂದಿನದಕ್ಕೆ ಹೋಗಿ. ಇಲ್ಲದಿದ್ದರೆ ಮೂರು ಸಲ ಹೇಳಿದ ತಪ್ಪೇ ರೂಢಿಯಾದೀತು. ಒಂದು ಸಲಕ್ಕೆ ಒಂದೇ ನಿಯಮ, ದಯವಿಟ್ಟು.

ಮೊದಮೊದಲು ತಪ್ಪು ಆಡಿದ ಮೇಲೆ ಗೊತ್ತಾಗುತ್ತದೆ. ಆಮೇಲೆ ನಾಲಿಗೆಯ ತುದಿಯಲ್ಲಿರುವಾಗಲೇ ಸಿಕ್ಕಿಬೀಳುತ್ತದೆ. ಹೊಸ ವಿಷಯ ಬಂದಾಗ, ದಣಿದಾಗ ಹಳೆಯ 'ಶೀ ವರ್ಕ್' ಮರಳಿ ಇಣುಕಬಹುದು; ಕಲಿತದ್ದು ಹೋಯಿತು ಅಂತಲ್ಲ, ಗಮನ ಅಷ್ಟು ಹೊತ್ತು ಬೇರೆಡೆ ಇತ್ತು ಅಷ್ಟೇ.