‘ಆಡ್’ ಎಂಬ ಒಂದು ಪದ ಬಿಟ್ಟುಹೋದ ರಾತ್ರಿ

ನೆಟ್‌ವರ್ಕ್ ಕೆಲಸಕ್ಕೆ ಹೊಸದಾಗಿ ಬಂದವರು ನನ್ನಲ್ಲಿ ಮೊದಲು ಕೇಳುವುದು ಕಮಾಂಡುಗಳ ಪಟ್ಟಿಯನ್ನು. ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ. ಎಲ್ಲಿ ತಡವರಿಸಿದರೂ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಮುಂದೆ ಏನು ಬರೆಯಬಹುದೆಂದು ಸ್ವಿಚ್ಚೇ, ಅಂದರೆ ನೆಟ್‌ವರ್ಕಿನ ಕಂಪ್ಯೂಟರುಗಳನ್ನು ಜೋಡಿಸುವ ಪೆಟ್ಟಿಗೆಯೇ, ತೋರಿಸುತ್ತದೆ. ಮನದಟ್ಟಾಗಬೇಕಾದದ್ದು ಬೇರೆ: ಎಂಟರ್ ಒತ್ತಿದಾಗ ಆಗುವುದೇನು?

ಸಿಸ್ಕೋ ಕಂಪನಿಯ ಕ್ಯಾಟಲಿಸ್ಟ್ ಸ್ವಿಚ್ಚನ್ನೇ ತೆಗೆದುಕೊಳ್ಳಿ. ಸಾಲಿನ ಕೊನೆಯಲ್ಲಿ ‘>’ ಇದ್ದರೆ ನೀವು ಹೆಚ್ಚುಕಡಿಮೆ ನೋಡುಗರು ಮಾತ್ರ. ‘ಎನೇಬಲ್’ ಎಂದು ಬರೆದು ಗುಪ್ತಪದ ಕೊಟ್ಟರೆ ಅದು ‘#’ ಆಗುತ್ತದೆ. ‘ಕಾನ್ಫಿಗರ್ ಟರ್ಮಿನಲ್’ ಕೊಟ್ಟ ಮೇಲೆ ಬರೆದ ಒಂದೊಂದು ಸಾಲೂ ಆ ಕೂಡಲೇ ಜಾರಿಗೆ ಬರುತ್ತದೆ. ‘ಖಚಿತವೇ?’ ಎಂದು ಸಾಮಾನ್ಯವಾಗಿ ಅದು ಕೇಳುವುದಿಲ್ಲ. ಆದರೆ ಹಾಗೆ ಜಾರಿಯಾದ ಸೆಟ್ಟಿಂಗ್ ಇರುವುದು ರನ್ನಿಂಗ್ ಕಾನ್ಫಿಗ್‌ನಲ್ಲಿ, ಅಂದರೆ ಕರೆಂಟು ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಿ. ‘ರೈಟ್ ಮೆಮೊರಿ’ ಎಂದು ಕೊಟ್ಟಾಗಲೇ ಅದು ಸ್ವಿಚ್ ಚಾಲೂ ಆಗುವಾಗ ಓದುವ ಸ್ಟಾರ್ಟಪ್ ಕಾನ್ಫಿಗ್‌ಗೆ ಸೇರಿ ಉಳಿಯುತ್ತದೆ.

ಈ ವ್ಯತ್ಯಾಸ ನನಗೆ ನಿಜವಾಗಿ ಅರ್ಥವಾದದ್ದು ಒಂದು ಕಾಲೇಜಿನ ಹಾಸ್ಟೆಲ್ ಕಟ್ಟಡದಿಂದ. ಅಲ್ಲಿನ ಸ್ವಿಚ್ಚಿನ ಟ್ರಂಕ್‌ನಲ್ಲಿ, ಅಂದರೆ ಅದನ್ನು ಉಳಿದ ನೆಟ್‌ವರ್ಕಿಗೆ ಜೋಡಿಸುವ ಕೊಂಡಿಯಲ್ಲಿ, 10 ಮತ್ತು 20ನೇ ವಿಲ್ಯಾನ್‌ಗಳು (ಒಂದೇ ನೆಟ್‌ವರ್ಕಿನೊಳಗೆ ಬೇರ್ಪಡಿಸಿದ ಭಾಗಗಳು) ಹೋಗುತ್ತಿದ್ದವು. ಹೊಸ ಕ್ಯಾಮೆರಾಗಳಿಗಾಗಿ 30ನ್ನು ಸೇರಿಸಬೇಕಿತ್ತು. ಮುಖ್ಯ ಕಟ್ಟಡದಲ್ಲಿ ಕುಳಿತು, ನೆಟ್‌ವರ್ಕಿನ ಮೇಲೆಯೇ ದೂರದ ಸ್ವಿಚ್ಚಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಎಂದು ಬರೆದೆ. ಕರ್ಸರ್ ಅಲ್ಲೇ ನಿಂತುಬಿಟ್ಟಿತು. ‘ವಿಲ್ಯಾನ್ ಆಡ್ 30’ ಎಂದು ಬರೆದಿದ್ದರೆ 30 ಸೇರಿಕೊಳ್ಳುತ್ತಿತ್ತು. ‘ಆಡ್’ ಇಲ್ಲದ್ದರಿಂದ ಹಳೆಯ ಪಟ್ಟಿ ಹೋಗಿ 30 ಒಂದೇ ಉಳಿಯಿತು. ನಾನು ಸ್ವಿಚ್ಚನ್ನು ತಲುಪುತ್ತಿದ್ದ 10ನೇ ವಿಲ್ಯಾನ್ ಕೂಡ ಕಡಿದುಹೋಗಿತ್ತು. ಕುಳಿತ ಕೊಂಬೆಯನ್ನೇ ಕಡಿದಿದ್ದೆ.

ಪುಣ್ಯಕ್ಕೆ ಉಳಿಸಿರಲಿಲ್ಲ. ಕಾವಲುಗಾರರಿಗೆ ಫೋನ್ ಮಾಡಿ, ಆ ಸ್ವಿಚ್ಚಿನ ಪ್ಲಗ್ ಕಿತ್ತು ಮತ್ತೆ ಹಾಕುವಂತೆ ಕೇಳಿಕೊಂಡೆ. ಕೆಲವು ನಿಮಿಷಗಳಲ್ಲಿ ಅದು ಹಳೆಯ ಸ್ಟಾರ್ಟಪ್ ಕಾನ್ಫಿಗ್‌ನೊಂದಿಗೆ ಎದ್ದು ಕುಳಿತಿತು. ಹಾಸ್ಟೆಲಿನ ಹುಡುಗರಿಗೆ ಅಷ್ಟು ಹೊತ್ತು ಇಂಟರ್‌ನೆಟ್ ಇಲ್ಲದಂತಾದದ್ದು ಮಾತ್ರ ನನ್ನಿಂದಲೇ.

ಅಂದಿನಿಂದ ದೂರದ ಟ್ರಂಕ್ ಮುಟ್ಟುವ ಮೊದಲು ಆಗಿನ ಕಾನ್ಫಿಗ್ ಉಳಿಸುತ್ತೇನೆ. ನಂತರ ‘ರಿಲೋಡ್ ಇನ್ 10’ ಕೊಡುತ್ತೇನೆ. ಹತ್ತು ನಿಮಿಷಕ್ಕೆ ಸ್ವಿಚ್ ತಾನಾಗಿ ಮರುಚಾಲನೆಗೊಳ್ಳುತ್ತದೆ; ನಾನು ಹೊರಗೆ ಉಳಿದರೂ ಹಳೆಯ ಸ್ಥಿತಿ ಮರಳುತ್ತದೆ. ಬದಲಾವಣೆ ಸರಿಯಾಗಿದ್ದರೆ ‘ರಿಲೋಡ್ ಕ್ಯಾನ್ಸಲ್’, ಆಮೇಲೆ ‘ರೈಟ್ ಮೆಮೊರಿ’. ಕ್ಯಾನ್ಸಲ್ ಮರೆತರೆ ಎಲ್ಲ ಸರಿಯಿದ್ದ ಸ್ವಿಚ್ಚೇ ಬಿದ್ದು ಏಳುತ್ತದೆ. ಆದ್ದರಿಂದ ಮೊಬೈಲಿನಲ್ಲಿ ಎಂಟು ನಿಮಿಷದ ಅಲಾರಂ ಇಟ್ಟುಕೊಳ್ಳುತ್ತೇನೆ. ಈ ವಿಷಯದಲ್ಲಿ ಇನ್ನೊಂದು ಕಂಪನಿ ಜೂನಿಪರ್‌ನ ಕ್ರಮ ನನಗೆ ಹೆಚ್ಚು ಇಷ್ಟ. ಅಲ್ಲಿ ‘ಕಮಿಟ್’ ಕೊಡುವ ತನಕ ಏನೂ ಜಾರಿಯಾಗುವುದಿಲ್ಲ. ‘ಕಮಿಟ್ ಕನ್ಫರ್ಮ್ಡ್’ ಕೊಟ್ಟು ಹತ್ತು ನಿಮಿಷದೊಳಗೆ ಮತ್ತೆ ಖಚಿತಪಡಿಸದಿದ್ದರೆ ಹಳೆಯ ಕಾನ್ಫಿಗ್ ತಾನೇ ಬರುತ್ತದೆ, ಮರುಚಾಲನೆಯ ಗೊಡವೆಯಿಲ್ಲದೆ.

ಆಸ್ಪತ್ರೆಯಂಥ ಕಡೆ ಹಗಲಿನಲ್ಲಿ ಸ್ವಿಚ್ ಮರುಚಾಲನೆಗೊಳ್ಳುವುದನ್ನು ನೆನೆಯಲೂ ಆಗದು. ಅಲ್ಲಿಗೆ, ಲ್ಯಾಪ್‌ಟಾಪನ್ನು ನೇರವಾಗಿ ಸ್ವಿಚ್ಚಿಗೆ ಜೋಡಿಸುವ ಕನ್ಸೋಲ್ ಕೇಬಲ್ ಹಿಡಿದು ನಾನೇ ಹೋಗುತ್ತೇನೆ. ಲ್ಯಾಪ್‌ಟಾಪಿನಲ್ಲಿ ಹೊಂದಿಸಬೇಕಾದದ್ದು ಇಷ್ಟು: ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1. ಪರದೆಯ ಮೇಲೆ ಅರ್ಥವಾಗದ ಚಿಹ್ನೆಗಳು ಕಂಡರೆ ಸಾಮಾನ್ಯವಾಗಿ ವೇಗ ಹೊಂದಿಲ್ಲವೆಂದೇ ಅರ್ಥ. ಏನೂ ಕಾಣದಿದ್ದರೆ ಕೇಬಲ್ ಬದಲಿಸುವ ಮೊದಲು ಒಮ್ಮೆ ಎಂಟರ್ ಒತ್ತಿ ನೋಡಿ.