ಬೇಕಂತ ಮಾಡಿಲ್ಲ ಅಂದರೂ ಪೆನಾಲ್ಟಿ ಯಾಕೆ?

ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ ಮೋಟೋಜಿಪಿ ಯುರೋಪಿನಲ್ಲಿದ್ದಾಗ ದೊಡ್ಡ ರೇಸು ನಮಗೆ ಸಾಮಾನ್ಯವಾಗಿ ಭಾನುವಾರ ಸಂಜೆ ಐದೂವರೆಗೆ ಶುರುವಾಗುತ್ತದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಏಳು ಗಂಟೆಯೊಳಗೆ ನನ್ನ ವಾಟ್ಸಾಪ್ ತುಂಬಿರುತ್ತದೆ. ವಿಟಿಯು ಹುಡುಗರು, ಉದ್ಯಮಬಾಗದ ಮೆಕ್ಯಾನಿಕ್‌ಗಳು, ಜಾಂಬೋಟಿ ದಾಟಿ ಚೋರ್ಲಾ ಘಾಟಿಗೆ ಬೈಕ್ ಓಡಿಸುವ ಗೆಳೆಯರು. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ತಕರಾರು: "ಅವ ಬೇಕಂತ ಮಾಡಿಲ್ರಿ ಸರ್, ಮತ್ಯಾಕ ಪೆನಾಲ್ಟಿ?"

ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರದ ಕಡೆ ನಡೆಯುವ ಡರ್ಟ್ ಟ್ರ್ಯಾಕ್ (ಮಣ್ಣಿನ ಟ್ರ್ಯಾಕ್) ರೇಸುಗಳಲ್ಲಿ ನಾನು ಸ್ಟೀವರ್ಡ್ ಆಗಿ, ಅಂದರೆ ತಪ್ಪು ನೋಡಿ ಶಿಕ್ಷೆ ತೀರ್ಮಾನಿಸುವವನಾಗಿ ಕೂರುತ್ತೇನೆ. ಮೋಟೋಜಿಪಿ ಸ್ಟೀವರ್ಡ್‌ಗಳ ಮುಂದೆ ಸಾಲುಸಾಲು ಪರದೆಗಳಿರುತ್ತವೆ. ನನ್ನ ಮುಂದೆ ಒಂದು ಪ್ಲಾಸ್ಟಿಕ್ ಟೇಬಲ್, ಟ್ರ್ಯಾಕ್ ಪಕ್ಕ ಬಾವುಟ ಹಿಡಿದು ನಿಲ್ಲುವ ಮಾರ್ಷಲ್‌ಗಳು ಬರೆದುಕೊಟ್ಟ ಚೀಟಿಗಳು, ಜೊತೆಗೆ ಸಿಟ್ಟಿಗೆದ್ದ ಇಬ್ಬರು ಅಪ್ಪಂದಿರು. ಆದರೆ ಕೆಲಸ ಒಂದೇ. ಹಾಗಾಗಿ ಈ ಪ್ರಶ್ನೆಗೆ ಒಂದು ಸಲ ಉದ್ದವಾಗಿಯೇ ಉತ್ತರ ಕೊಟ್ಟುಬಿಡೋಣ.

ಸ್ಟೀವರ್ಡ್‌ಗೆ ರೈಡರ್‌ನ ಮನಸ್ಸು ಕಾಣುವುದಿಲ್ಲ. ಬೈಕ್ ಏನು ಮಾಡಿತು ಅನ್ನುವುದಷ್ಟೇ ಕಾಣುತ್ತದೆ. ಪೆನಾಲ್ಟಿ ಬೀಳುವುದು ಅದಕ್ಕೇ. 2019ರ ಅರ್ಜೆಂಟೀನಾ ರೇಸಿನಲ್ಲಿ ಕ್ಯಾಲ್ ಕ್ರಚ್ಲೋ ಬೈಕ್, ರೇಸು ಶುರುವಿನ ಕೆಂಪು ದೀಪ ಆರುವ ಮುಂಚೆ ಕೂದಲೆಳೆಯಷ್ಟು ಅಲುಗಿತು. ಅದರಿಂದ ಅವನಿಗೆ ಒಂದು ಚೂರೂ ಲಾಭವಾಗಲಿಲ್ಲ. ಆದರೂ ರೈಡ್ ಥ್ರೂ ಬಿತ್ತು. ಅಂದರೆ ರೇಸಿನ ನಡುವೆ ಪಿಟ್ ಲೇನಿಗೆ (ತಂಡಗಳ ಗ್ಯಾರೇಜ್ ಮುಂದಿನ ದಾರಿಗೆ) ಬಂದು, ಗಂಟೆಗೆ 60 ಕಿ.ಮೀ. ಮಿತಿಯಲ್ಲಿ ಅದನ್ನು ದಾಟಿ ಮತ್ತೆ ಟ್ರ್ಯಾಕಿಗೆ ಹೋಗಬೇಕು. ಮುಂದಿನ ಸಾಲಿನ ಪೈಪೋಟಿಯಲ್ಲಿ ಇರಬೇಕಾದವನು 13ನೇ ಸ್ಥಾನಕ್ಕೆ ಬಂದ. ಕ್ರಚ್ಲೋಗೆ ಸಿಕ್ಕಾಪಟ್ಟೆ ಸಿಟ್ಟು ಬಂತು. ಶಿಕ್ಷೆಯ ಪ್ರಮಾಣ ಜಾಸ್ತಿಯಾಯಿತು ಅಂತ ನನಗೂ ಅನಿಸಿತು. ಆದರೆ ಅಲುಗಿತೋ ಇಲ್ಲವೋ ಅನ್ನುವುದರಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ. ಮುಂದೆ ಈ ತಪ್ಪಿನ ಶಿಕ್ಷೆಯನ್ನು ಎರಡು ಲಾಂಗ್ ಲ್ಯಾಪ್‌ಗೆ (ಉದ್ದದ ದಾರಿಯಲ್ಲಿ ಹೋಗಿ ಬರುವ ಶಿಕ್ಷೆ, ಮುಂದೆ ಹೇಳುತ್ತೇನೆ) ಇಳಿಸಿದರು. ಸರಿಯಾದ ತಿದ್ದುಪಡಿ.

ಮನಸ್ಸು ಬರಿಗಣ್ಣಿಗೇ ಕಂಡ ಪ್ರಸಂಗವೂ ಇದೆ. 2018ರ ಸೆಪ್ಟೆಂಬರ್, ಇಟಲಿಯ ಮಿಸಾನೋ, ಮೋಟೋಜಿಪಿಗಿಂತ ಒಂದು ದರ್ಜೆ ಕೆಳಗಿನ ಮೋಟೋ2 ರೇಸು. ರೊಮಾನೋ ಫೆನಾಟಿ ನೇರ ರಸ್ತೆಯಲ್ಲಿ 200 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಪಕ್ಕದಲ್ಲಿದ್ದ ಸ್ಟೆಫಾನೋ ಮಾನ್ಸಿಯ ಮುಂದಿನ ಬ್ರೇಕ್ ಲಿವರನ್ನು ಕೈಚಾಚಿ ಹಿಡಿದುಬಿಟ್ಟ. ಮಾನ್ಸಿ ಬೀಳಲಿಲ್ಲ, ಅದೃಷ್ಟ. ಫೆನಾಟಿಗೆ ಕಪ್ಪು ಬಾವುಟ ತೋರಿಸಿ ಹೊರಗೆ ಹಾಕಿದರು, ಮೇಲೆ ಎರಡು ರೇಸು ನಿಷೇಧ. ಅಷ್ಟೇ ಸಾಕಾ ಅಂತ ಜಗತ್ತೇ ಕೇಳಿತು. ಮರುದಿನವೇ ತಂಡ ಅವನನ್ನು ಕೈಬಿಟ್ಟಿತು. ಮುಂದಿನ ವರ್ಷಕ್ಕೆ ಆಗಿದ್ದ ಒಪ್ಪಂದವೂ ರದ್ದಾಯಿತು. ಕೊನೆಗೆ ಬೈಕ್ ರೇಸಿಂಗ್‌ನ ವಿಶ್ವ ಸಂಸ್ಥೆ ಎಫ್‌ಐಎಂ ಆ ವರ್ಷ ಮುಗಿಯುವವರೆಗೆ ಲೈಸೆನ್ಸ್ ತಡೆಹಿಡಿಯಿತು. ಅವನು 2019ರಲ್ಲಿ ಇನ್ನೂ ಒಂದು ದರ್ಜೆ ಕೆಳಗಿನ ಮೋಟೋ3ಗೆ ವಾಪಸ್ ಬಂದು ಆಸ್ಟ್ರಿಯಾದಲ್ಲಿ ರೇಸು ಗೆದ್ದ ಅನ್ನುವುದು ಬೇರೆ ಮಾತು. ಇಲ್ಲಿ ಬಹಳ ಜನ ಮರೆಯುವುದು ಒಂದಿದೆ. ಅದೇ ರೇಸಿನಲ್ಲಿ ಅದಕ್ಕೂ ಮುಂಚೆ ಫೆನಾಟಿಗೆ ತಗುಲಿದ್ದಕ್ಕಾಗಿ ಮಾನ್ಸಿಗೂ ಶಿಕ್ಷೆ ಆಯಿತು. ಮುಂದಿನ ರೇಸಿನ ಗ್ರಿಡ್‌ನಲ್ಲಿ, ಅಂದರೆ ಶುರುವಿಗೆ ನಿಲ್ಲುವ ಸಾಲಿನಲ್ಲಿ, ಆರು ಸ್ಥಾನ ಹಿಂದೆ. ಒಬ್ಬನ ದೊಡ್ಡ ತಪ್ಪಿನಿಂದ ಇನ್ನೊಬ್ಬನ ಸಣ್ಣ ತಪ್ಪು ಮಾಫಿ ಆಗುವುದಿಲ್ಲ. ನಮ್ಮ ಕಡೆ ಟೇಬಲ್ ಮುಂದೆ ನಿಂತು "ಮೊದಲು ಅವನೇ ಮಾಡಿದ್ದು" ಅನ್ನುವವರಿಗೆ ನಾನು ಹೇಳುವ ಉದಾಹರಣೆ ಇದೇ.

ಇಂಥವು ಅಪರೂಪ. ನಿಜವಾದ ತಲೆನೋವು ಮಧ್ಯದವು. ತಿರುವಿನಲ್ಲಿ ಒಳಗಿನಿಂದ ನುಗ್ಗುವುದು, ತಗುಲುವುದು, ಒಬ್ಬ ಬೀಳುವುದು. ನಾನು ಮೊದಲು ನೋಡುವುದು ಬ್ರೇಕ್ ಹಿಡಿದ ಜಾಗ. ಒಳಗೆ ನುಗ್ಗಿದವನು ತಿರುವನ್ನು ತನ್ನ ಗೆರೆಯಲ್ಲೇ ಮುಗಿಸಬಲ್ಲ ವೇಗದಲ್ಲಿದ್ದನಾ, ಅಥವಾ ಇನ್ನೊಬ್ಬನ ಬೈಕನ್ನೇ ಗೋಡೆ ಮಾಡಿಕೊಂಡು ನಿಲ್ಲಿಸಿದನಾ? ಎರಡನೆಯದಾದರೆ ಪೆನಾಲ್ಟಿ. ಆಮೇಲೆ ಮುಂದಿನ ಚಕ್ರ. ತಗುಲುವ ಹೊತ್ತಿಗೆ ಅವನ ಚಕ್ರ ಎಲ್ಲಿತ್ತು? ಎದುರಾಳಿಯ ಪಕ್ಕಕ್ಕೆ ಬಂದಿದ್ದರೆ ಎದುರಾಳಿಗೆ ಅವನು ಕಾಣುತ್ತಿದ್ದ, ಜಾಗ ಬಿಡಬೇಕಿತ್ತು. ಹಿಂದಿನ ಚಕ್ರದ ಹತ್ತಿರವೇ ಇದ್ದರೆ ಆ ಜಾಗ ಇವನದ್ದಲ್ಲ. ಇನ್ನು ಮುಂದಿನ ಟಯರ್ ಜಾರಿ ಇಬ್ಬರೂ ಬಿದ್ದರೆ, ಅದಕ್ಕೂ ಮುಂಚೆ ಹುಚ್ಚಾಟ ಏನೂ ಇಲ್ಲದಿದ್ದರೆ, ಅದು ರೇಸಿಂಗ್ ಇನ್ಸಿಡೆಂಟ್, ಯಾರಿಗೂ ಶಿಕ್ಷೆಯಿಲ್ಲ. ಫೈಲ್ ಮುಚ್ಚಿ.

ಡರ್ಟ್‌ನಲ್ಲಿ ಬ್ಲಾಕ್ ಪಾಸ್ ಅಂತ ಒಂದಿದೆ. ಒಳಗಿನಿಂದ ಬಂದು, ಮುಂದಾಗಿ, ಎದುರಾಳಿಯ ದಾರಿಗೆ ಅಡ್ಡ ನಿಲ್ಲುವುದು. ಅದು ತಪ್ಪಲ್ಲ. ಚೆನ್ನಾಗಿ ಮಾಡಿದರೆ ನೋಡಲು ಖುಷಿ. ಆದರೆ ಬಂದವನು ಎದುರಾಳಿಯ ಮುಂದಿನ ಚಕ್ರಕ್ಕೋ ಕಾಲಿಗೋ ಹೊಡೆದರೆ ಅದಕ್ಕೆ ಪಾಸ್ ಅನ್ನುವುದಿಲ್ಲ. ಈ ವ್ಯತ್ಯಾಸ ತೋರಿಸಲು ಅಪ್ಪಂದಿರು ಮೊಬೈಲ್ ವಿಡಿಯೋ ತರುತ್ತಾರೆ. ಸಾಮಾನ್ಯವಾಗಿ ಅವರ ಮಗನನ್ನಷ್ಟೇ ಹಿಂಬಾಲಿಸಿದ ವಿಡಿಯೋ. ಎದುರಾಳಿ ಎಲ್ಲಿಂದ ಬಂದ ಅನ್ನುವುದೇ ಅದರಲ್ಲಿ ಇರುವುದಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟ ತಪ್ಪು ಹಳದಿ ಬಾವುಟ ಕಂಡೂ ನಿಧಾನ ಮಾಡದಿರುವುದು. ಜಂಪಿನ ಆಚೆ ಏನಿದೆ ಅಂತ ರೈಡರ್‌ಗೆ ಕಾಣುವುದಿಲ್ಲ. ಅಲ್ಲಿ ಒಬ್ಬ ಬಿದ್ದಿರುತ್ತಾನೆ, ಅವನನ್ನು ಎಳೆಯಲು ಇಬ್ಬರು ಮಾರ್ಷಲ್‌ಗಳು ಬಗ್ಗಿರುತ್ತಾರೆ. ಬಾವುಟ ಬೀಸುತ್ತಿದ್ದರೆ ಹಾರಬಾರದು, ಚಕ್ರ ನೆಲದಲ್ಲೇ ಇಟ್ಟುಕೊಂಡು ಉರುಳಿಸಿಕೊಂಡು ಹೋಗಬೇಕು, ಯಾರನ್ನೂ ದಾಟಬಾರದು. ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಯಾರಿಗೂ ಏನೂ ಆಗಲಿಲ್ಲ ಅನ್ನುವುದು ಉತ್ತರವೂ ಅಲ್ಲ. ಮೋಟೋಜಿಪಿಯಲ್ಲೂ 2020ರಿಂದ ಅರ್ಹತಾ ಸುತ್ತಿನಲ್ಲಿ ಹಳದಿ ಬಾವುಟದ ಜಾಗ ದಾಟಿದವನ ಆ ಲ್ಯಾಪಿನ ಸಮಯವೇ ರದ್ದು. ನಿಧಾನ ಮಾಡಿದ್ದನಾ ಇಲ್ಲವಾ ಅಂತ ಕೇಳುವುದೂ ಇಲ್ಲ. ವಾದಕ್ಕೆ ಎಡೆಯೇ ಇಲ್ಲ.

ಏನೂ ಆಗದಿದ್ದರೂ ದೊಡ್ಡ ಶಿಕ್ಷೆ ಬಿದ್ದದ್ದಕ್ಕೆ ಇನ್ನೊಂದು ಉದಾಹರಣೆ 2021ರ ಅಕ್ಟೋಬರ್‌ನದು. ಅಮೆರಿಕದ ಆಸ್ಟಿನ್‌ನಲ್ಲಿ ಮೋಟೋ3 ರೇಸು. ತುರ್ಕಿಯ ಡೆನಿಜ್ ಓನ್ಜು ನೇರ ರಸ್ತೆಯಲ್ಲಿ ಪಕ್ಕಕ್ಕೆ ಸರಿದ. ಅಲ್ಲಿ ಜೆರೆಮಿ ಅಲ್ಕೋಬಾ ಇದ್ದ. ಅವನು ಬಿದ್ದ, ಹಿಂದೆ ಬಂದ ಆಂಡ್ರೆಯಾ ಮಿನ್ಯೋ ಮತ್ತು ಪೆಡ್ರೋ ಅಕೋಸ್ಟಾ ಅವನ ಬೈಕಿಗೆ ಬಡಿದು ಗಾಳಿಯಲ್ಲಿ ಹಾರಿದರು. ಮೂವರೂ ಎದ್ದು ನಡೆದರು. ಓನ್ಜುಗೆ ಎರಡು ರೇಸು ನಿಷೇಧ. ಅದೇ ವರ್ಷ ಮುಜೆಲ್ಲೋದಲ್ಲಿ 19ರ ಜೇಸನ್ ಡುಪಾಸ್ಕ್ವಿಯೇ, ಅರಗಾನ್‌ನಲ್ಲಿ 14ರ ಹ್ಯೂಗೋ ಮಿಯಾನ್, ಹೆರೆಸ್‌ನಲ್ಲಿ 15ರ ಡೀನ್ ಬೆರ್ತಾ ವಿನ್ಯಾಲೆಸ್ ತೀರಿಹೋಗಿದ್ದರು. ಮೂರನೆಯ ಸಾವಾಗಿ ಹತ್ತು ದಿನವೂ ಆಗಿರಲಿಲ್ಲ. ಬಿದ್ದವರು ಬದುಕಿದರು ಅಂತ ಸ್ಟೀವರ್ಡ್‌ಗಳು ಸಣ್ಣ ಶಿಕ್ಷೆ ಕೊಟ್ಟಿದ್ದರೆ ಅದೃಷ್ಟಕ್ಕೆ ಬಹುಮಾನ ಕೊಟ್ಟಂತೆ ಆಗುತ್ತಿತ್ತು, ಅಲ್ವಾ? ಆಮೇಲೆ 2023ರಿಂದ ವಿಶ್ವ ಚಾಂಪಿಯನ್‌ಶಿಪ್‌ಗೆ ಕನಿಷ್ಠ ವಯಸ್ಸನ್ನು 18ಕ್ಕೆ ಏರಿಸಿದರು.

ಶಿಕ್ಷೆ ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ನನಗೆ ದೊಡ್ಡ ಪ್ರಶ್ನೆ. ಇಲ್ಲಿ 2015ರ ಮಲೇಷ್ಯಾದ ಸೆಪಾಂಗ್ ರೇಸು ಬಾರದೆ ಇರುವುದಿಲ್ಲ.

ಚಾಂಪಿಯನ್‌ಶಿಪ್ ಪೈಪೋಟಿ ವ್ಯಾಲೆಂಟಿನೋ ರೋಸಿ ಮತ್ತು ಹೋರ್ಹೆ ಲೊರೆಂಜೋ ನಡುವೆ. ಮಾರ್ಕ್ ಮಾರ್ಕೆಜ್ ಲೊರೆಂಜೋಗೆ ಸಹಾಯ ಮಾಡುತ್ತಿದ್ದಾನೆ ಅಂತ ರೇಸಿನ ಮುಂಚೆಯೇ ಪತ್ರಕರ್ತರ ಎದುರು ರೋಸಿ ಆರೋಪ ಮಾಡಿದ್ದ. ಭಾನುವಾರ ಇಬ್ಬರೂ ಲ್ಯಾಪಿಗೆ ಹಲವು ಸಲ ದಾಟಿಕೊಂಡರು. ಏಳನೇ ಲ್ಯಾಪಿನಲ್ಲಿ ರೋಸಿ ತಿರುವಿನ ಹೊರಕ್ಕೆ ಅಗಲವಾಗಿ ಹೋಗಿ, ಮಾರ್ಕೆಜ್ ಕಡೆ ತಿರುಗಿ ನೋಡಿದ. ತಗುಲಿತು. ಮಾರ್ಕೆಜ್ ಬಿದ್ದ. ಒದ್ದ, ಒದ್ದಿಲ್ಲ ಅಂತ ಜಗಳ ಇವತ್ತಿಗೂ ಮುಗಿದಿಲ್ಲ. ತೀರ್ಪು ನಿಂತದ್ದು ಒದೆತದ ಮೇಲಲ್ಲ. ಬೇಕಂತ ಅಗಲಕ್ಕೆ ಹೋಗಿ ಎದುರಾಳಿಯನ್ನು ಗೆರೆಯಿಂದ ಹೊರಗೆ ದೂಡಿದ ಅನ್ನುವುದರ ಮೇಲೆ. ಆದರೆ ವಿಚಾರಣೆ ನಡೆದದ್ದು ರೇಸು ಮುಗಿದ ಮೇಲೆ. ಅಷ್ಟರಲ್ಲಿ ರೋಸಿ ಮೂರನೆಯವನಾಗಿ ಮುಗಿಸಿದ್ದ. ಆ ಸ್ಥಾನ ಉಳಿಯಿತು, ಮೂರು ಪೆನಾಲ್ಟಿ ಪಾಯಿಂಟ್ ಬಿದ್ದವು.

ಆಗ 2013ರಿಂದ ಬಂದಿದ್ದ ಪೆನಾಲ್ಟಿ ಪಾಯಿಂಟ್ ಪದ್ಧತಿ ಇತ್ತು. ನಾಲ್ಕಾದರೆ ಗ್ರಿಡ್‌ನ ಕೊನೆಯಿಂದ ಶುರು, ಏಳಾದರೆ ಪಿಟ್ ಲೇನಿನಿಂದ, ಹತ್ತಾದರೆ ಒಂದು ರೇಸು ಹೊರಗೆ. ಮಿಸಾನೋ ಅರ್ಹತಾ ಸುತ್ತಿನಲ್ಲಿ ಲೊರೆಂಜೋಗೆ ಅಡ್ಡಿಯಾಗಿದ್ದಕ್ಕೆ ರೋಸಿಗೆ ಆಗಲೇ ಒಂದು ಪಾಯಿಂಟ್ ಇತ್ತು. ಒಟ್ಟು ನಾಲ್ಕು. ಹಾಗಾಗಿ ವರ್ಷದ ಕೊನೆಯ ರೇಸಾದ ವೆಲೆನ್ಸಿಯಾದಲ್ಲಿ ಅವನು ಕಟ್ಟಕಡೆಯಿಂದ ಹೊರಟು ನಾಲ್ಕನೆಯವನಾದ. ಲೊರೆಂಜೋ ಐದೇ ಚಾಂಪಿಯನ್‌ಶಿಪ್ ಪಾಯಿಂಟ್ ಅಂತರದಿಂದ ಚಾಂಪಿಯನ್. ಮಲೇಷ್ಯಾದ ತಪ್ಪಿಗೆ ಸ್ಪೇನಿನಲ್ಲಿ ದಂಡ, ಅದೂ ಪ್ರಶಸ್ತಿ ತೀರ್ಮಾನವಾಗುವ ದಿನ. ತೀರ್ಪು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲೇ, ಆ ಲ್ಯಾಪಿನಲ್ಲೇ ರೈಡ್ ಥ್ರೂ ಕೊಟ್ಟಿದ್ದರೆ ಈ ಗಾಯ ಇಷ್ಟು ವರ್ಷ ಹಸಿಯಾಗಿ ಉಳಿಯುತ್ತಿರಲಿಲ್ಲ. ಮರುವರ್ಷವೇ ಶಿಕ್ಷೆ ಕೊಡುವುದಕ್ಕೆ ಸ್ಟೀವರ್ಡ್ ಸಮಿತಿ ಮಾಡಿದರು. ಪೆನಾಲ್ಟಿ ಪಾಯಿಂಟ್ ಪದ್ಧತಿಯೂ ಆಮೇಲೆ ಹೋಯಿತು.

ಆನಂದವಾಡಿ ಆಖಾಡದಲ್ಲಿ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಚ ತಪ್ಪು ಕಂಡ ತಕ್ಷಣ ಸೀಟಿ ಊದುತ್ತಾನೆ. ಮುಂದಿನ ಜಾತ್ರೆಯ ಕುಸ್ತಿಯಲ್ಲಿ ಒಂದು ಕೈ ಕಟ್ಟಿಕೊಂಡು ಆಡು ಅಂತ ಹೇಳುವುದಿಲ್ಲ.

2019ರಲ್ಲಿ ಬಂದ ಲಾಂಗ್ ಲ್ಯಾಪ್ ಅದಕ್ಕೇ ನನಗೆ ಇಷ್ಟ. ಒಂದು ತಿರುವಿನ ಹೊರಗೆ ಬಣ್ಣ ಬಳಿದ ಉದ್ದದ ದಾರಿ ಇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಸೂಚನೆ ಬಂದ ಮೇಲೆ ಮೂರು ಲ್ಯಾಪಿನೊಳಗೆ ರೈಡರ್ ಆ ದಾರಿಯಲ್ಲಿ ಹೋಗಿ ಬರಬೇಕು. ಕೆಲವು ಸೆಕೆಂಡು ಹೋಗುತ್ತದೆ. ರೇಸು ಹಾಳಾಗುವುದಿಲ್ಲ, ತಪ್ಪಿನ ಬೆಲೆಯೂ ಅಲ್ಲೇ ತೀರುತ್ತದೆ. ಹೊಸದರಲ್ಲಿ ಗೊಂದಲ ಇತ್ತು. ಅದೇ ವರ್ಷ ಆಸ್ಟಿನ್‌ನಲ್ಲಿ ಮಾವೆರಿಕ್ ವಿನ್ಯಾಲೆಸ್‌ಗೆ ಬಿದ್ದದ್ದು ರೈಡ್ ಥ್ರೂ. ಅವನು ಲಾಂಗ್ ಲ್ಯಾಪ್ ದಾರಿಯಲ್ಲಿ ಹೋಗಿ ಬಂದ. ಆಮೇಲೆ ಪಿಟ್ ಲೇನಿಗೂ ಹೋಗಬೇಕಾಯಿತು. ಒಂದೇ ತಪ್ಪಿಗೆ ಎರಡು ಸಲ ಸಮಯ ಕಳೆದುಕೊಂಡ, ಪಾಪ.

ಇದೇ ಲಾಂಗ್ ಲ್ಯಾಪನ್ನು ಮುಂದಿನ ರೇಸಿಗೆ ದಾಟಿಸಿದರೆ ಏನಾಗುತ್ತದೆ? 2023ರ ಮಾರ್ಚ್‌ನಲ್ಲಿ ಪೋರ್ಚುಗಲ್‌ನ ಪೋರ್ಟಿಮಾವೋದಲ್ಲಿ ಮಾರ್ಕೆಜ್ ಬ್ರೇಕ್ ಹಿಡಿತ ತಪ್ಪಿ ಮಿಗೆಲ್ ಒಲಿವೇರಾಗೆ ಗುದ್ದಿದ. ಎರಡು ಲಾಂಗ್ ಲ್ಯಾಪ್, ಅರ್ಜೆಂಟೀನಾ ರೇಸಿನಲ್ಲಿ ಅಂತ ಬರೆದರು. ಗಾಯದಿಂದ ಮಾರ್ಕೆಜ್ ಅರ್ಜೆಂಟೀನಾಕ್ಕೆ ಹೋಗಲೇ ಇಲ್ಲ. ಆಮೇಲೆ ಅದನ್ನು ಅವನು ಓಡುವ ಮುಂದಿನ ರೇಸಿನಲ್ಲಿ ಅಂತ ತಿದ್ದಿದರು. ಅವನ ತಂಡ ಹೋಂಡಾ ಮೇಲ್ಮನವಿ ಹಾಕಿತು. ಮೇ ತಿಂಗಳಲ್ಲಿ ಶಿಕ್ಷೆಯೇ ರದ್ದಾಯಿತು. ತಪ್ಪು ಎಲ್ಲರ ಕಣ್ಣಿಗೂ ಕಂಡಿತ್ತು, ಮಾರ್ಕೆಜ್ ಒಪ್ಪಿಕೊಂಡೂ ಇದ್ದ. ಒಂದು ಸಾಲು ಸರಿಯಾಗಿ ಬರೆಯದ್ದಕ್ಕೆ ಇಷ್ಟೆಲ್ಲ ರಾದ್ಧಾಂತ. ಅದಾದ ಮೇಲೆ ನಾನು ನನ್ನ ಚೀಟಿಯಲ್ಲಿ ಶಿಕ್ಷೆ ಬರೆಯುವಾಗ ಪ್ರತಿ ಪದ ಎರಡು ಸಲ ಓದುತ್ತೇನೆ.

ಟಯರ್ ಗಾಳಿಯ ಪೆನಾಲ್ಟಿ ಬಗ್ಗೆಯೂ ಕೇಳುತ್ತಾರೆ. ಅದು ನಡತೆಯ ತಪ್ಪಲ್ಲ, ತಾಂತ್ರಿಕ ಮಿತಿ. ಮುಖ್ಯ ರೇಸಿನಲ್ಲಿ ಗಾಳಿ ನಿಗದಿಗಿಂತ ಕಮ್ಮಿ ಇದ್ದರೆ 16 ಸೆಕೆಂಡು. 2025ರ ಕತಾರ್‌ನಲ್ಲಿ ವಿನ್ಯಾಲೆಸ್ ಎರಡನೆಯವನಾಗಿ ಮುಗಿಸಿ ಹೀಗೇ 14ಕ್ಕೆ ಇಳಿದ. ಪೋಡಿಯಂ ಮೇಲೆ ಶಾಂಪೇನ್ ಚೆಲ್ಲಿದ ಮೇಲೆ ಬರುವ ಇಂಥ ಶಿಕ್ಷೆ ನನಗಂತೂ ಹಿಡಿಸುವುದಿಲ್ಲ.

ಇನ್ನು ನಮ್ಮೂರಿನ ವಿಷಯ. ಟ್ರ್ಯಾಕ್ ಬಿಟ್ಟು ಸುವರ್ಣಸೌಧದ ಮುಂದಿನ ಹೆದ್ದಾರಿಯಲ್ಲೋ ಘಾಟಿಯಲ್ಲೋ ಸ್ಪರ್ಧೆ ಮಾಡುವವರಿಗೆ ಸ್ಟೀವರ್ಡ್ ಇಲ್ಲ, ಮೋಟಾರು ವಾಹನ ಕಾಯ್ದೆ ಇದೆ. ರಸ್ತೆಯಲ್ಲಿ ರೇಸು ಮಾಡಿದರೆ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಓಡಿಸಿದವನು ಅಪ್ರಾಪ್ತನಾದರೆ ಬೈಕಿನ ಮಾಲೀಕನಿಗೋ ಪೋಷಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಎಷ್ಟೋ ಅಪ್ಪಂದಿರಿಗೆ ಇದು ಗೊತ್ತೇ ಇಲ್ಲ.

ಟ್ರ್ಯಾಕಿಗೆ ಮಗನನ್ನು ಕರೆತರುವವರು ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಮಾಡಿಸಿ, ಬೆಳಗಿನ ಬ್ರೀಫಿಂಗ್‌ಗೆ ನೀವೂ ಬಂದು ನಿಲ್ಲಿ. ಬಾವುಟ ಎಲ್ಲಿರುತ್ತದೆ, ಯಾವ ತಪ್ಪಿಗೆ ಏನು ಶಿಕ್ಷೆ ಅಂತ ಅಲ್ಲೇ ಹೇಳುತ್ತೇವೆ. ತೀರ್ಪು ಒಪ್ಪಿಗೆಯಾಗದಿದ್ದರೆ ಬಾಯಲ್ಲಿ ಕೂಗಾಡಿ ಪ್ರಯೋಜನವಿಲ್ಲ. ಫಲಿತಾಂಶ ಅಂಟಿಸಿದ ಮೇಲೆ ನಿಗದಿತ ಸಮಯದೊಳಗೆ, ಶುಲ್ಕದ ಜೊತೆ, ಆಕ್ಷೇಪಣೆಯನ್ನು ಬರಹದಲ್ಲಿ ಕೊಡಬೇಕು. ಯಾವ ತಿರುವು, ಯಾವ ಲ್ಯಾಪ್, ಯಾವ ನಂಬರಿನ ಬೈಕ್ ಅಂತ ಬರೆಯಿರಿ. "ಅನ್ಯಾಯ ಆಗಿದೆ" ಅಂತಷ್ಟೇ ಬರೆದರೆ ನಾನು ಯಾವುದನ್ನು ಪರಿಶೀಲಿಸಲಿ? ವಿಡಿಯೋ ಇದ್ದರೆ ಕತ್ತರಿಸದೆ ತನ್ನಿ, ಇಬ್ಬರೂ ರೈಡರ್‌ಗಳು ಕಾಣುವಂತಿರಲಿ. ಸಮಯ ಮೀರಿ ತಂದ ಕಾಗದವನ್ನು ನಾನು ತೆಗೆದುಕೊಳ್ಳುವುದಿಲ್ಲ, ಎಷ್ಟೇ ಪರಿಚಯದವರಾದರೂ.