ಕೈಯಲ್ಲಿ ಒಂದು: ‘ಕ್ಯಾರಿ’ ಪದದ ಪರಿಚಯ

ತಂಗಿಯ ಮಗಳು ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಬಂದ ಮೇಲೆ ಭಾನುವಾರಗಳಲ್ಲಿ ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಮಾಟುಂಗಾದ ನಮ್ಮ ಮನೆಗೆ ಬರುತ್ತಾಳೆ. ಚೀಲದಲ್ಲಿ ಸರ್ಕ್ಯೂಟ್ ಜೋಡಿಸುವ ತೂತುಗಳ ಹಲಗೆ ಬ್ರೆಡ್‌ಬೋರ್ಡ್, ಬಣ್ಣಬಣ್ಣದ ತಂತಿಗಳು, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ಐಸಿಗಳು, ಅಂದರೆ ಸರ್ಕ್ಯೂಟ್ ಅಡಗಿಸಿಟ್ಟ ಪುಟ್ಟ ಚಿಪ್‌ಗಳು, ಇರುತ್ತವೆ. ಕಳೆದ ವಾರ ಅವಳು ಕೇಳಿದಳು: “ದೊಡ್ಡಮ್ಮ, ಹಾಫ್ ಆ್ಯಡರ್ ಎರಡು ಬಿಟ್‌ಗಳನ್ನು ಪೂರ್ತಿಯಾಗಿಯೇ ಕೂಡುತ್ತದೆ. ಮತ್ತೆ ಅದನ್ನು ಅರ್ಧ ಎಂದು ಕರೆಯುವುದೇಕೆ?” ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕಿ. ಹಾಫ್ ಆ್ಯಡರ್ ಎಂದರೆ ಅಂಥ ಎರಡು ಅಂಕಿಗಳನ್ನು ಕೂಡುವ ಸರ್ಕ್ಯೂಟ್.

ನಾನು ಡಿಜಿಟಲ್ ಪ್ರಯೋಗಾಲಯದಲ್ಲಿ ಬಹಳ ವರ್ಷ ಪಾಠ ಮಾಡಿದವಳು. ಏನು ಒಳಗೆ ಬಂದರೆ ಏನು ಹೊರಗೆ ಹೋಗುತ್ತದೆ ಎಂದು ತೋರಿಸುವ ಸತ್ಯ ಕೋಷ್ಟಕವನ್ನು ಬಾಯಿಪಾಠ ಮಾಡಿ ಅಂಕ ತೆಗೆದವರನ್ನು ಬೇಕಾದಷ್ಟು ನೋಡಿದ್ದೇನೆ. ಹೆಸರಿನ ಬೆನ್ನು ಹತ್ತಿದವರು ಕಡಿಮೆ. ಅವಳ ಪ್ರಶ್ನೆಗೆ ಉತ್ತರ ಕ್ಯಾರಿ ಎಂಬ ಪದದಲ್ಲಿದೆ.

27ಕ್ಕೆ 15 ಕೂಡಿಸುವಾಗ ಏಳು ಮತ್ತು ಐದು ಸೇರಿ ಹನ್ನೆರಡು. ಎರಡನ್ನು ಬರೆದು, ಒಂದನ್ನು ಎಡಗಡೆಯ ಸ್ಥಾನಕ್ಕೆ ದಾಟಿಸುತ್ತೇವೆ. ಹೀಗೆ ದಾಟುವ ಒಂದೇ ಕ್ಯಾರಿ. ಕನ್ನಡ ಶಾಲೆಗಳಲ್ಲಿ ಇಂಥ ಲೆಕ್ಕಕ್ಕೆ ದಶಕ ಸಹಿತ ಸಂಕಲನ ಎನ್ನುತ್ತಾರೆ. ಮರಾಠಿ ಶಾಲೆಯಲ್ಲಿ ಓದಿದ ನಮ್ಮ ಹುಡುಗಿಗೆ ಅದು ‘ಹಾತಚಾ’, ಅಂದರೆ ಕೈಯಲ್ಲಿರುವುದು. ಸರ್ಕ್ಯೂಟಿನ ಮಟ್ಟಿಗೆ ನನಗೆ ಮರಾಠಿಯ ಪದವೇ ಹೆಚ್ಚು ಸರಿ ಎನಿಸುತ್ತದೆ. ದಶಕ ಎಂದೊಡನೆ ಹತ್ತು ನೆನಪಾಗುತ್ತದೆ. 0 ಮತ್ತು 1 ಎಂಬ ಎರಡೇ ಅಂಕಿಗಳಿರುವ ದ್ವಿಮಾನ ಪದ್ಧತಿಯಲ್ಲಿ ಹತ್ತು ಎಲ್ಲಿಂದ ಬರಬೇಕು? ಅಲ್ಲಿ ಒಂದಕ್ಕೆ ಒಂದು ಕೂಡಿದರೆ ಸೊನ್ನೆ ಬರೆದು ಕೈಯಲ್ಲಿ ಒಂದು ಇಟ್ಟುಕೊಳ್ಳಬೇಕು. ಆ ಒಂದರ ಬೆಲೆ ಎರಡು.

ಹಾಫ್ ಆ್ಯಡರ್ ಮಾಡುವುದು ಇಷ್ಟನ್ನೇ. ಎರಡು ಬಿಟ್‌ಗಳು ಒಳಗೆ ಬರುತ್ತವೆ. ಎರಡೂ ಬೇರೆ ಬೇರೆಯಾಗಿದ್ದರೆ ಮೊತ್ತ 1, ಒಂದೇ ಆಗಿದ್ದರೆ 0. ಇದು ಎಕ್ಸಾರ್ ಗೇಟಿನ ಕೆಲಸ. ಗೇಟು ಎಂದರೆ ಒಳಬಂದ ಬಿಟ್‌ಗಳನ್ನು ನೋಡಿ ಒಂದು ಬಿಟ್ ಹೊರಗೆ ಕೊಡುವ ಪುಟ್ಟ ಸರ್ಕ್ಯೂಟ್. ಎರಡೂ 1 ಆಗಿದ್ದರೆ ಮಾತ್ರ ಕ್ಯಾರಿ ಹುಟ್ಟುತ್ತದೆ. ಅದು ಆ್ಯಂಡ್ ಗೇಟಿನ ಕೆಲಸ. ಎಕ್ಸಾರ್ ಗೇಟುಗಳಿರುವ 7486 ಐಸಿಯಲ್ಲಿ ಒಂದು ಗೇಟು, ಆ್ಯಂಡ್ ಗೇಟುಗಳಿರುವ 7408 ಐಸಿಯಲ್ಲಿ ಒಂದು ಗೇಟು ಬಳಸಿದರೆ ಕೂಡುವ ಯಂತ್ರ ಸಿದ್ಧ. 1937ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಜಾರ್ಜ್ ಸ್ಟಿಬಿಟ್ಜ್ ಟೆಲಿಫೋನ್ ರಿಲೇಗಳು (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳು), ಟಾರ್ಚಿನ ಬಲ್ಬುಗಳು ಮತ್ತು ತಗಡಿನ ಪಟ್ಟಿಗಳನ್ನು ಮನೆಯ ಅಡುಗೆಮನೆಯ ಮೇಜಿನ ಮೇಲೆ ಜೋಡಿಸಿ ದ್ವಿಮಾನ ಅಂಕಿಗಳನ್ನು ಕೂಡಿ ತೋರಿಸಿದರು. ಆ ಮೇಜಿನ ನೆನಪಿಗೇ ಅದಕ್ಕೆ ‘ಮಾಡೆಲ್ ಕೆ’ ಎಂಬ ಹೆಸರು ಬಂತು. ಕೆ ಎಂದರೆ ಕಿಚನ್.

ಈಗ ಅರ್ಧದ ಮಾತು. ಹಾಫ್ ಆ್ಯಡರಿನಿಂದ ಕ್ಯಾರಿ ಹೊರಗೆ ಹೋಗಬಲ್ಲದು, ಆದರೆ ಬಲಗಡೆಯಿಂದ ಬರುವ ಕ್ಯಾರಿಗೆ ಒಳಗೆ ಬರಲು ಬಾಗಿಲಿಲ್ಲ. ಎಲ್ಲಕ್ಕಿಂತ ಬಲಗಡೆಯ ಸ್ಥಾನದಲ್ಲಿ ಇದರಿಂದ ತೊಂದರೆಯಿಲ್ಲ, ಅಲ್ಲಿಗೆ ಯಾರೂ ಏನನ್ನೂ ದಾಟಿಸುವುದಿಲ್ಲ. ಎರಡನೆಯ ಸ್ಥಾನಕ್ಕೆ ಬಂದೊಡನೆ ಮೂರು ಬಿಟ್‌ಗಳನ್ನು ಕೂಡಬೇಕಾಗುತ್ತದೆ: ಅಲ್ಲಿನ ಎರಡು, ದಾಟಿ ಬಂದ ಒಂದು. ಈ ಮೂರನ್ನೂ ಕೂಡಬಲ್ಲದ್ದು ಫುಲ್ ಆ್ಯಡರ್.

ಫುಲ್ ಆ್ಯಡರನ್ನು ಎರಡು ಹಾಫ್ ಆ್ಯಡರ್ ಮತ್ತು ಒಂದು ಆರ್ ಗೇಟಿನಿಂದ ಕಟ್ಟಬಹುದು. ಮೊದಲ ಹಾಫ್ ಆ್ಯಡರ್ ಎರಡು ಬಿಟ್‌ಗಳನ್ನು ಕೂಡುತ್ತದೆ. ಆ ಮೊತ್ತಕ್ಕೆ ಎರಡನೆಯದು ಒಳಬಂದ ಕ್ಯಾರಿಯನ್ನು ಸೇರಿಸುತ್ತದೆ. ಎರಡರ ಕ್ಯಾರಿಗಳೂ ಆರ್ ಗೇಟಿಗೆ ಹೋಗುತ್ತವೆ. ಒಂದಾದರೂ 1 ಇದ್ದರೆ ಅದು 1 ಕೊಡುತ್ತದೆ. ಇಲ್ಲಿ ಹುಡುಗಿ ನನ್ನನ್ನು ತಡೆದಳು. ಎರಡೂ ಕ್ಯಾರಿಗಳು ಒಟ್ಟಿಗೆ ಬಂದರೆ ಆರ್ ಗೇಟು ಅವುಗಳಲ್ಲಿ ಒಂದನ್ನು ನುಂಗಿಬಿಡುವುದಿಲ್ಲವೇ? ಸೊಗಸಾದ ಅನುಮಾನ. ಆದರೆ ಎರಡೂ ಒಟ್ಟಿಗೆ ಬರುವುದೇ ಸಾಧ್ಯವಿಲ್ಲ. ಮೊದಲನೆಯದು ಕ್ಯಾರಿ ಕೊಟ್ಟಿದ್ದರೆ ಅದರ ಮೊತ್ತ 0 ಆಗಿರಲೇಬೇಕು. ಸೊನ್ನೆಗೆ ಏನು ಕೂಡಿದರೂ ಎರಡನೆಯದರಲ್ಲಿ ಕ್ಯಾರಿ ಹುಟ್ಟದು. ಮೂರು ಬಿಟ್‌ಗಳೂ 1 ಆದಾಗಲೂ ಮೊತ್ತ ಮೂರು, ದ್ವಿಮಾನದಲ್ಲಿ 11: ಒಂದನ್ನು ಬರೆದು ಒಂದನ್ನು ದಾಟಿಸಿದರೆ ಮುಗಿಯಿತು. ಹತ್ತರ ಲೆಕ್ಕದಲ್ಲೂ 9, 9 ಮತ್ತು ದಾಟಿ ಬಂದ 1 ಸೇರಿ 19 ಆಗುತ್ತದೆಯೇ ಹೊರತು ದಾಟುವ ಅಂಕಿ ಒಂದನ್ನು ಮೀರುವುದಿಲ್ಲ. ಸ್ಥಾನದಿಂದ ಸ್ಥಾನಕ್ಕೆ ಒಂದೇ ತಂತಿ ಸಾಲುವುದು ಇದರಿಂದಲೇ.

ನಾಲ್ಕು ಫುಲ್ ಆ್ಯಡರ್‌ಗಳನ್ನು ಸಾಲಾಗಿ ಜೋಡಿಸಿದರೆ ನಾಲ್ಕು ಬಿಟ್‌ಗಳ ಸಂಖ್ಯೆಗಳನ್ನು ಕೂಡಬಹುದು. 1111ಕ್ಕೆ 0001 ಕೂಡುವಾಗ ಬಲತುದಿಯಲ್ಲಿ ಹುಟ್ಟಿದ ಕ್ಯಾರಿ ಒಂದೊಂದೇ ಸ್ಥಾನ ದಾಟಿ ಎಡತುದಿಗೆ ಬರಬೇಕು. ಅಲ್ಲಿಯವರೆಗೆ ಉತ್ತರ ಅಂತಿಮವಲ್ಲ. ನಾಲ್ಕು ಸ್ಥಾನಗಳಲ್ಲಿ ಈ ತಡ ಗೊತ್ತೇ ಆಗುವುದಿಲ್ಲ. ಆದರೆ ಇದೇ ಮುಂಬೈಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿ 1960ರಲ್ಲಿ ಕೆಲಸಕ್ಕೆ ಹಚ್ಚಿದ ಟಿಫ್ರ್ಯಾಕ್ ಕಂಪ್ಯೂಟರಿನ ಸಂಖ್ಯೆಗಳು 40 ಬಿಟ್ ಉದ್ದದವು. ಅಷ್ಟು ಉದ್ದಕ್ಕೆ ಒಂದರ ಹಿಂದೊಂದು ಕಾಯುವುದೆಂದರೆ ಎಷ್ಟಾಗುತ್ತದೆ ಎಂದು ಅವಳೇ ಬೆರಳು ಮಡಿಸಿ ಲೆಕ್ಕ ಹಾಕಿದಳು. ಕ್ಯಾರಿ ಬರುವುದೋ ಇಲ್ಲವೋ ಎಂಬುದನ್ನು ಮೊದಲೇ ಲೆಕ್ಕ ಹಾಕಿಡುವ ಉಪಾಯವೂ ಇದೆ. ಅದಕ್ಕೆ ಗೇಟುಗಳು ಹೆಚ್ಚು ಬೇಕು.

ಇನ್ನು ಕಳೆಯುವುದು. ಇಲ್ಲಿ ಕ್ಯಾರಿಯ ಜಾಗದಲ್ಲಿ ಎರವಲು ಬರುತ್ತದೆ. 0ಯಿಂದ 1 ಕಳೆಯಲಾಗದಿದ್ದಾಗ ಎಡಮನೆಯಿಂದ ಒಂದನ್ನು ಕಡ ತರುತ್ತೇವೆ. ಈ ಮನೆಗೆ ಬಂದಾಗ ಅದು ಎರಡಾಗುತ್ತದೆ. ಒಂದು ಬಿಟ್ಟಿನಿಂದ ಇನ್ನೊಂದನ್ನು ಕಳೆಯುವ ಹಾಫ್ ಸಬ್‌ಟ್ರಾಕ್ಟರಿನಲ್ಲಿ ವ್ಯತ್ಯಾಸವನ್ನು ಕೊಡುವುದು ಅದೇ ಎಕ್ಸಾರ್. ಎರವಲಿಗಾಗಿ ಮೇಲಿನ ಬಿಟ್ಟನ್ನು ತಿರುವಿಹಾಕಿ (0 ಇದ್ದರೆ 1, 1 ಇದ್ದರೆ 0 ಮಾಡಿ) ಕೆಳಗಿನ ಬಿಟ್ಟಿನ ಜೊತೆ ಆ್ಯಂಡ್ ಗೇಟಿಗೆ ಕೊಟ್ಟರೆ ಸಾಕು. ಪರೀಕ್ಷೆಗೆ ಇದನ್ನು ಕಲಿಯಬೇಕು, ಕಲಿಯಲಿ. ಆದರೆ ಕಳೆಯುವುದಕ್ಕೆಂದು ಬೇರೆ ಸರ್ಕ್ಯೂಟ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಇದನ್ನು ವಿವರಿಸಲು ನಾನು ಪುಸ್ತಕವನ್ನು ಮುಚ್ಚಿಟ್ಟು ಅಪ್ಪನ ಗಲ್ಲಾಪೆಟ್ಟಿಗೆಯ ಕಥೆ ಹೇಳಿದೆ.

ಅಪ್ಪ ಉಡುಪಿ ಕಡೆಯಿಂದ ಬಂದು ಇಲ್ಲಿನ ಹೋಟೆಲೊಂದರ ಗಲ್ಲಾದಲ್ಲಿ ಕುಳಿತವರು. 63 ರೂಪಾಯಿ ಬಿಲ್ಲಿಗೆ ಗಿರಾಕಿ ನೂರರ ನೋಟು ಕೊಟ್ಟರೆ ಅವರು ಕಳೆಯುತ್ತಿರಲಿಲ್ಲ. “ಅರವತ್ತಮೂರು” ಎಂದು ಏಳು ರೂಪಾಯಿ ಇಡುವರು, “ಎಪ್ಪತ್ತು” ಎಂದು ಮೂವತ್ತು ಇಡುವರು, “ನೂರು” ಎನ್ನುವರು. 63ಕ್ಕೆ ನೂರು ತುಂಬಲು ಬೇಕಾದ 37 ಅದರ ಪೂರಕ. 85ರಿಂದ 63 ಕಳೆಯಬೇಕೆಂದರೆ 85ಕ್ಕೆ 37 ಕೂಡಿ, 122 ಬರುತ್ತದೆ. ಮುಂದಿನ ನೂರನ್ನು ಬಿಟ್ಟುಬಿಡಿ, 22 ಉಳಿಯುತ್ತದೆ. ಕೂಡಿಯೇ ಕಳೆದಂತಾಯಿತು.

ದ್ವಿಮಾನದಲ್ಲಿ ಪೂರಕ ಪಡೆಯುವುದು ಇನ್ನೂ ಸುಲಭ. ಎಲ್ಲ ಬಿಟ್‌ಗಳನ್ನು ತಿರುವಿಹಾಕಿ ಒಂದನ್ನು ಕೂಡಿದರೆ ಎರಡರ ಪೂರಕ ಸಿಗುತ್ತದೆ. ಎಕ್ಸಾರ್ ಗೇಟಿನ ಒಂದು ಕಾಲಿಗೆ 0 ಕೊಟ್ಟರೆ ಇನ್ನೊಂದು ಕಾಲಿನ ಬಿಟ್ ಹಾಗೆಯೇ ಹೊರಬರುತ್ತದೆ, 1 ಕೊಟ್ಟರೆ ತಿರುವಿ ಬರುತ್ತದೆ. ಎರಡನೆಯ ಸಂಖ್ಯೆಯ ನಾಲ್ಕೂ ಬಿಟ್‌ಗಳನ್ನು 7486ರ ನಾಲ್ಕು ಗೇಟುಗಳ ಮೂಲಕ ಹಾಯಿಸಿ, ಆ ನಾಲ್ಕಕ್ಕೂ ಒಂದೇ ತಂತಿ ಹಾಕಬೇಕು. ಅದೇ ತಂತಿಯನ್ನು ಬಲತುದಿಯ ಕ್ಯಾರಿ ಬಾಗಿಲಿಗೂ ಎಳೆಯಬೇಕು. ತಂತಿಯಲ್ಲಿ 0 ಇದ್ದರೆ ಕೂಡುವ ಯಂತ್ರ. 1 ಇದ್ದರೆ ಬಿಟ್‌ಗಳು ತಿರುಗುತ್ತವೆ, ಬೇಕಾದ ಆ ಒಂದೂ ಕ್ಯಾರಿಯಾಗಿ ಒಳಗೆ ಬರುತ್ತದೆ, ಅದು ಕಳೆಯುವ ಯಂತ್ರವಾಗುತ್ತದೆ. ಎಷ್ಟೋ ಸಲ ಪಾಠ ಮಾಡಿದ್ದೇನೆ. ಈ ಒಂದು ತಂತಿಯ ಬಗ್ಗೆ ನನ್ನ ಬೆರಗು ಇನ್ನೂ ಕಡಿಮೆಯಾಗಿಲ್ಲ.

ಅವಳು ಇದನ್ನು ಊಟದ ಮೇಜಿನ ಮೇಲೆ 7483 ಐಸಿಯಿಂದ ಕಟ್ಟಿದಳು. ನಾಲ್ಕು ಫುಲ್ ಆ್ಯಡರ್‌ಗಳು ಅದರೊಳಗೇ ಇವೆ. ಉತ್ತರದ ಒಂದೊಂದು ಬಿಟ್ಟಿಗೆ ಒಂದೊಂದು ದೀಪ. ಮೊದಲು ದೀಪಗಳು ಮನಬಂದಂತೆ ಹೊತ್ತಿದವು. ಹದಿನಾರು ಕಾಲಿನ ಐಸಿಗಳಲ್ಲಿ ಸಾಮಾನ್ಯವಾಗಿ 16ನೆಯ ಪಿನ್ನಿಗೆ ವಿದ್ಯುತ್, 8ನೆಯದಕ್ಕೆ ಗ್ರೌಂಡ್. ಅವಳೂ ಹಾಗೆಯೇ ಕೊಟ್ಟಿದ್ದಳು. 7483ರಲ್ಲಿ 5 ವೋಲ್ಟ್ ಹೋಗಬೇಕಾದದ್ದು 5ನೆಯ ಪಿನ್ನಿಗೆ, ಗ್ರೌಂಡ್ 12ಕ್ಕೆ. ಸರಿಪಡಿಸಿ 9ರಿಂದ 5 ಕಳೆದಳು: 9 ಅಂದರೆ 1001, 5 ಅಂದರೆ 0101, ಅದನ್ನು ತಿರುವಿದರೆ 1010. 1001ಕ್ಕೆ 1010 ಮತ್ತು 1 ಸೇರಿ 10100. ನಾಲ್ಕು ದೀಪಗಳು 0100 ತೋರಿಸಿದವು, ಕ್ಯಾರಿಯ ಐದನೆಯ ದೀಪವೂ ಹೊತ್ತಿತು. 85ರ ಲೆಕ್ಕದಲ್ಲಿ ಬಿಟ್ಟುಬಿಟ್ಟ ನೂರು ಇದೇ.

ಆಮೇಲೆ ಅವಳಾಗಿಯೇ ತಿರುಗಿಸಿ 5ರಿಂದ 9 ಕಳೆದಳು. ದೀಪಗಳಲ್ಲಿ 1100, ಅಂದರೆ ಹನ್ನೆರಡು. ಅವಳ ಮುಖ ಬಾಡಿತು. ಐದನೆಯ ದೀಪವನ್ನು ನೋಡು ಎಂದೆ. ಅದು ಆರಿತ್ತು. ಎಡತುದಿಯಲ್ಲಿ ಕ್ಯಾರಿ ಬರಲಿಲ್ಲವೆಂದರೆ ಹೊರಗಿನಿಂದ ಎರವಲು ಬೇಕಾಗಿದೆ, ಉತ್ತರ ಸೊನ್ನೆಗಿಂತ ಕೆಳಗಿದೆ, ದೀಪಗಳಲ್ಲಿ ಇರುವುದು ಅದರ ಪೂರಕ. ಅವಳು 1100ನ್ನು ತಿರುವಿ 0011 ಬರೆದಳು, ಒಂದು ಕೂಡಿ 0100 ಮಾಡಿದಳು, ಅದರ ಮುಂದೆ ಋಣ ಚಿಹ್ನೆ ಎಳೆದಳು.